ಕುದುರೆಮುಖ ಚಾರಣ: ಬೆಟ್ಟಕ್ಕೆ ಮೊದಲು ದೇಹದ ಸಿದ್ಧತೆ

ಮಳೆಯ ಆರ್ಭಟ ತಗ್ಗಿ ಕಾರ್ತಿಕ ಮಾಸ ಸಮೀಪಿಸಿತೆಂದರೆ ಪಶ್ಚಿಮ ಘಟ್ಟಗಳತ್ತ ಜನರ ಪ್ರಯಾಣ ಮೊದಲಾಗುತ್ತದೆ. ದಾವಣಗೆರೆ, ಹಾವೇರಿ, ಗದಗ, ಧಾರವಾಡಗಳ ಕಡೆಯಿಂದ ಕುಟುಂಬಸಮೇತರಾಗಿ ಉಡುಪಿ, ಕೊಲ್ಲೂರು, ಶೃಂಗೇರಿ, ಹೊರನಾಡುಗಳಿಗೆ ಬರುವವರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ತಮ್ಮ ಪ್ರವಾಸಕ್ಕೆ ಇನ್ನೊಂದು ದಿನವನ್ನು ಸೇರಿಸಿಕೊಳ್ಳುತ್ತಿದ್ದಾರೆ. ಆ ದಿನ ಬೆಟ್ಟ ಹತ್ತುವುದಕ್ಕೆ ಮೀಸಲು. ಉದ್ಯೋಗ ನಿಮಿತ್ತ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ನೆಲೆಸಿರುವ ನಮಗಂತೂ ಮೂಡಣ ದಿಕ್ಕಿನಲ್ಲಿ ಘಟ್ಟದ ಸಾಲು ದಿನವೂ ಕಾಣುವ ನೋಟ. ದಿನವೂ ಕಾಣುವುದು ಸುಲಭವೆಂದು ತೋರುವುದು ಸಹಜ. ‘ಬರುವ ಭಾನುವಾರ ಕುದುರೆಮುಖಕ್ಕೆ ಹೋಗಿಬರೋಣ’ ಎಂಬ ಮಾತು ಊಟದ ಪಂಕ್ತಿಯಲ್ಲಿಯೇ ಹುಟ್ಟಿ ಅಲ್ಲಿಯೇ ತೀರ್ಮಾನವಾಗಿಬಿಡುತ್ತದೆ.

ಅಮರನಾಥ ಯಾತ್ರೆಗೆ ಹೊರಡುವವರು ಕಡ್ಡಾಯವಾಗಿ ಆರೋಗ್ಯ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಕೈಲಾಸ ಮಾನಸ ಸರೋವರದ ಯಾತ್ರಿಕರು ವೈದ್ಯಕೀಯ ತಪಾಸಣೆಗಳನ್ನು ದಾಟಿಯೇ ಮುಂದೆ ಸಾಗಬೇಕು. ನಮ್ಮ ಘಟ್ಟದ ಬೆಟ್ಟಗಳಿಗೆ ಅಂಥ ನಿಯಮವಿಲ್ಲ. ಅರಣ್ಯ ಇಲಾಖೆಯ ತನಿಖಾ ಠಾಣೆಯಲ್ಲಿ ಗುರುತಿನ ಚೀಟಿಯನ್ನು ನೋಡುತ್ತಾರೆ, ಚೀಲದಲ್ಲಿ ಪ್ಲಾಸ್ಟಿಕ್ ಇದೆಯೇ ಎಂದು ಪರಿಶೀಲಿಸುತ್ತಾರೆ. ನಮ್ಮ ಹೃದಯ, ಮೊಣಕಾಲು, ರಕ್ತದ ಸಕ್ಕರೆ ಯಾವ ಸ್ಥಿತಿಯಲ್ಲಿವೆ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು. ಅದೂ ಹೊರಡುವ ದಿನವಲ್ಲ, ಎರಡು ತಿಂಗಳು ಮೊದಲು. ಈ ಲೇಖನದ ಉದ್ದೇಶ ಅದಕ್ಕೆ ನೆರವಾಗುವುದು.

ದಾರಿಯ ಪರಿಚಯ

ಕುದುರೆಮುಖ ಶಿಖರದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್. 1987ರಲ್ಲಿ ರೂಪುಗೊಂಡ ಕುದುರೆಮುಖ ರಾಷ್ಟ್ರೀಯ ಉದ್ಯಾನವು ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹಬ್ಬಿದೆ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಇದೂ ಒಂದು. ಇಲ್ಲಿಯ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ತುಂಗೆ, ಭದ್ರೆ, ನೇತ್ರಾವತಿಯರ ಉಗಮಸ್ಥಾನವೆನಿಸಿದ ಗಂಗಾಮೂಲವು ಈ ಸಾಲಿನಲ್ಲಿಯೇ ಇದೆ.

ಉಡುಪಿಯಿಂದ ಹೊರಟವರು ಕಾರ್ಕಳ, ಬಜಗೋಳಿ, ಮಾಳದ ಮಾರ್ಗವಾಗಿ ಘಟ್ಟವನ್ನೇರಿ ಕುದುರೆಮುಖ ಪಟ್ಟಣವನ್ನು ದಾಟಿ ಸಂಸೆ, ಬಾಳಿಗೆಗಳ ಕಡೆಗೆ ಸಾಗಬೇಕು. ಸುಮಾರು ನೂರು ಕಿ.ಮೀ. ದೂರವಿರುವ ಈ ತಿರುವುಗಳ ರಸ್ತೆಗೆ ಮೂರು ಗಂಟೆ ಬೇಕು. ಬಾಳಿಗೆಯಿಂದ ಮುಳ್ಳೋಡಿಯವರೆಗೆ ಜೀಪು ಹೋಗುತ್ತದೆ. ಅಲ್ಲಿಂದ ಶಿಖರಕ್ಕೆ ಹೋಗಿ ಹಿಂದಿರುಗಲು ಸುಮಾರು 20 ಕಿ.ಮೀ. ನಡೆಯಬೇಕು. ಈ ನಡಿಗೆಯಲ್ಲಿ ಒಟ್ಟು ಏರು 900 ಮೀಟರಿನ ಆಸುಪಾಸು. ದಾರಿಯಲ್ಲಿ ಶೋಲಾ ಕಾಡು, ಹುಲ್ಲುಗಾವಲು, ಚಿಕ್ಕಪುಟ್ಟ ತೊರೆಗಳು ಒಂದರ ಬಳಿಕ ಒಂದು ಬರುತ್ತವೆ. ಉದ್ಯಾನದೊಳಗೆ ಡೇರೆ ಹಾಕಿ ರಾತ್ರಿ ತಂಗುವುದಕ್ಕೆ ಅವಕಾಶವಿಲ್ಲ. ಆದುದರಿಂದ ಇಡೀ ನಡಿಗೆಯು ಒಂದೇ ಹಗಲಿನಲ್ಲಿ ಮುಗಿಯಲೇಬೇಕು.

ಪರವಾನಗಿಯ ಬಗೆಗೂ ಒಂದು ಮಾತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಮಂದಿ ಒಮ್ಮೆಲೇ ಕುಮಾರಪರ್ವತಕ್ಕೆ ನುಗ್ಗಿದ್ದು ರಾಜ್ಯದಾದ್ಯಂತ ಚರ್ಚೆಯಾಯಿತು. ಅದಾದ ಮೇಲೆ ಸರಕಾರವು ಮುಂಗಡ ನೋಂದಣಿಯಿಲ್ಲದ ಚಾರಣವನ್ನು ತಡೆಯಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಬೇಕು. ಒಂದು ದಾರಿಗೆ ದಿನಕ್ಕೆ 300 ಮಂದಿಯ ಮಿತಿಯನ್ನೂ ಗೊತ್ತುಪಡಿಸಲಾಗಿದೆ. ಬೇಸಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ದಾರಿಯನ್ನು ಮುಚ್ಚುವುದುಂಟು. ಮಳೆಗಾಲದಲ್ಲಿ ಜಾರಿಕೆಯೂ ಮಂಜೂ ಇಂಬಳವೂ ವಿಪರೀತ. ಮೊದಲ ಬಾರಿಗೆ ಹೋಗುವ ನಡುವಯಸ್ಸಿನವರಿಗೆ ಅಕ್ಟೋಬರ್ ಮಧ್ಯದಿಂದ ಜನವರಿಯವರೆಗಿನ ಕಾಲವೇ ಹಿತ. ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ಇಲಾಖೆಯಿಂದಲೇ ಖಚಿತಪಡಿಸಿಕೊಳ್ಳುವುದು ಉಚಿತ.

ಹೊತ್ತಿನ ಲೆಕ್ಕ

ಬೆಟ್ಟದಲ್ಲಿ ಸಂಭವಿಸುವ ಅನಾಹುತಗಳಲ್ಲಿ ಕೆಲವು ಹೊತ್ತು ಮೀರಿದ ಕಾರಣದಿಂದ ಉಂಟಾಗುವಂಥವು. ಕತ್ತಲಾಗುವ ಆತಂಕದಲ್ಲಿ ಅವಸರಪಟ್ಟು ಇಳಿಯುವಾಗ ಕಾಲು ಉಳುಕುತ್ತದೆ, ದಾರಿ ತಪ್ಪುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕುವುದಕ್ಕೆ ಒಂದು ಹಳೆಯ ಸೂತ್ರವಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಆ ಸೂತ್ರವನ್ನು ನಮ್ಮ ಅಳತೆಗೆ ಹೊಂದಿಸಿದರೆ ಹೀಗಾಗುತ್ತದೆ: ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ.

ಕುದುರೆಮುಖದ 20 ಕಿ.ಮೀ.ಗೆ ನಾಲ್ಕು ಗಂಟೆ, 900 ಮೀಟರ್ ಏರಿಗೆ ಒಂದೂವರೆ ಗಂಟೆ. ಒಟ್ಟು ಐದೂವರೆ ಗಂಟೆ. ಆದರೆ ಇದು ನುರಿತವರು ವಿಶ್ರಾಂತಿಯಿಲ್ಲದೆ ನಡೆದಾಗಿನ ಲೆಕ್ಕ. ಐವತ್ತು ದಾಟಿದವರೂ ಮಕ್ಕಳೂ ಕೂಡಿರುವ ತಂಡ ಇದಕ್ಕೆ ಅರ್ಧಪಾಲನ್ನು ಸೇರಿಸಬೇಕು. ಆಗ ಎಂಟೂಕಾಲು ಗಂಟೆ. ಊಟಕ್ಕೂ ಶಿಖರದಲ್ಲಿ ಕುಳಿತಿರುವುದಕ್ಕೂ ಒಂದು ಗಂಟೆ ಇಟ್ಟರೆ ಒಂಬತ್ತೂಕಾಲು. ಬೆಳಗ್ಗೆ ಏಳಕ್ಕೆ ನಡಿಗೆ ಆರಂಭಿಸಿದರೆ ಸಂಜೆ ನಾಲ್ಕೂಕಾಲಕ್ಕೆ ಮರಳಬಹುದು. ಒಂಬತ್ತಕ್ಕೆ ಆರಂಭಿಸಿದರೆ ಮರಳುವಾಗ ಆರೂಕಾಲು. ಕಾರ್ತಿಕದ ಸಂಜೆ ಆರಕ್ಕೆ ಸೂರ್ಯಾಸ್ತ. ಶೋಲಾ ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲೆ.

ಉಡುಪಿಯಿಂದ ನಸುಕಿನಲ್ಲಿ ಕಾರು ಹತ್ತಿ ಅದೇ ದಿನ ಶಿಖರವೇರುವ ಯೋಜನೆ ಏಕೆ ಸಲ್ಲದೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಹಿಂದಿನ ದಿನವೇ ಕಳಸ, ಸಂಸೆಗಳ ಕಡೆಯ ಮನೆವಸತಿಯಲ್ಲಿ ತಂಗಿ ಏಳು ಗಂಟೆಯಾದರೂ ನಿದ್ರಿಸಬೇಕು. ನಿದ್ರೆಗೆಟ್ಟ ದೇಹಕ್ಕೆ ಏರು ಇಮ್ಮಡಿಯಾಗಿ ತೋರುತ್ತದೆ. ಪ್ರಾತಃಕಾಲದ ಇಷ್ಟಲಿಂಗಪೂಜೆಯನ್ನು ತಪ್ಪಿಸದವರು ಆ ಸಮಯವನ್ನೂ ಸೇರಿಸಿ ಏಳುವ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಕರಡಿಗೆಯ ಶಿವದಾರ ಬೆನ್ನುಚೀಲದ ಪಟ್ಟಿಯಡಿ ಸಿಕ್ಕಿ ಕೊರಳನ್ನು ಉಜ್ಜದಂತೆಯೂ ಬೆವರಿನಿಂದ ತೋಯದಂತೆಯೂ ನೋಡಿಕೊಳ್ಳಬೇಕು. ಕಾರ್ತಿಕ ಸೋಮವಾರದ ಉಪವಾಸವುಳ್ಳವರು ಚಾರಣಕ್ಕೆ ಬೇರೆ ದಿನವನ್ನು ಆರಿಸಿಕೊಳ್ಳುವುದು ಲೇಸು. ವ್ರತವೂ ಬೆಟ್ಟವೂ ಒಂದೇ ದಿನ ಬೇಡ.

ಏದುಸಿರಿಗೆ ಬೆಟ್ಟ ಕಾರಣವಲ್ಲ

ಈ ಲೇಖನದಲ್ಲಿ ಒಂದೇ ಸಂಗತಿಯನ್ನು ನೆನಪಿಡುವುದಾದರೆ ಅದು ಇದಾಗಿರಲಿ ಎಂದು ನಾವು ಬಯಸುತ್ತೇವೆ.

ಹಿಮಾಲಯದಲ್ಲಿ ಏರುವಾಗ ಗಾಳಿ ತೆಳುವಾಗಿ ತಲೆನೋವು, ವಾಕರಿಕೆ, ಏದುಸಿರು ಉಂಟಾಗುವುದನ್ನು ಅನೇಕರು ಕೇಳಿದ್ದಾರೆ. ಅಮರನಾಥದ ಗುಹೆ 3,800 ಮೀಟರಿಗೂ ಎತ್ತರದಲ್ಲಿದೆ. ಆದರೆ ಈ ತೊಂದರೆ ಸಾಮಾನ್ಯವಾಗಿ 2,500 ಮೀಟರಿನ ಮೇಲೆ ಮಾತ್ರ ಕಾಣಿಸುವಂಥದು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರನ್ನೂ ಮೀರುವುದಿಲ್ಲ. ಎಂದರೆ ನಮ್ಮ ನಾಡಿನ ಯಾವ ಬೆಟ್ಟದಲ್ಲಿಯೂ ಎತ್ತರದ ಕಾಯಿಲೆ ಎಂಬುದು ಇಲ್ಲವೆಂದೇ ತಿಳಿಯಬೇಕು. ‘ಮೇಲೆ ಬಂದಿದ್ದೇವಲ್ಲ, ಗಾಳಿ ಕಡಿಮೆ, ಅದಕ್ಕೇ ಎದೆ ಬಿಗಿಯುತ್ತಿದೆ’ ಎಂದು ಕುದುರೆಮುಖದಲ್ಲಿ ಯಾರಾದರೂ ಹೇಳಿದರೆ ಅದು ಅಪಾಯಕರವಾದ ಸಮಾಧಾನ. ಅಲ್ಲಿ ಎದೆ ಬಿಗಿದರೆ ಕಾರಣವನ್ನು ಬೆಟ್ಟದಲ್ಲಿ ಹುಡುಕಬಾರದು, ದೇಹದಲ್ಲಿ ಹುಡುಕಬೇಕು.

ಅಭ್ಯಾಸವಿಲ್ಲದವರಿಗೆ ಏರಿನಲ್ಲಿ ಉಸಿರು ಜೋರಾಗುವುದು ಸಹಜ. ನಿಂತು ಎರಡು ಮೂರು ನಿಮಿಷ ಸುಧಾರಿಸಿಕೊಂಡರೆ ಅದು ತಗ್ಗುತ್ತದೆ. ಎದೆಯ ನಡುವೆ ಭಾರ ಇಟ್ಟಂತಾಗುವುದು, ನೋವು ದವಡೆಗೋ ಎಡತೋಳಿಗೋ ಹರಿಯುವುದು, ತಣ್ಣನೆಯ ಬೆವರು, ತಲೆಸುತ್ತು, ನಿಂತರೂ ಇಳಿಯದ ಏದುಸಿರು, ಇವು ಬೇರೆಯೇ ಬಗೆಯವು. ಮಧುಮೇಹಿಗಳಲ್ಲಿಯೂ ಮಹಿಳೆಯರಲ್ಲಿಯೂ ಎದೆನೋವಿಲ್ಲದೆ ಕೇವಲ ಏದುಸಿರು, ಅಸಹಜ ಆಯಾಸ, ಹೊಟ್ಟೆಯ ಮೇಲ್ಭಾಗದ ಸಂಕಟ ಇಷ್ಟೇ ಕಾಣಿಸಬಹುದು. ಇಂಥವರನ್ನು ‘ಇನ್ನು ಸ್ವಲ್ಪವೇ ದೂರ’ ಎಂದು ಹುರಿದುಂಬಿಸಿ ಮುಂದೆ ನಡೆಸುವುದು ಸ್ನೇಹವಲ್ಲ.

ನಲವತ್ತು ದಾಟಿದವರು, ಅದರಲ್ಲಿಯೂ ಮಧುಮೇಹ, ರಕ್ತದೊತ್ತಡ, ಧೂಮಪಾನದ ಚಟ ಇರುವವರು, ತಂದೆ ತಾಯಿ ಒಡಹುಟ್ಟಿದವರಲ್ಲಿ ಎಳೆವಯಸ್ಸಿನಲ್ಲಿಯೇ ಹೃದಯಾಘಾತ ಕಂಡವರು ಎರಡು ತಿಂಗಳು ಮೊದಲೇ ವೈದ್ಯರನ್ನು ಕಾಣಬೇಕು. ಮಲಗಿಸಿ ತೆಗೆಯುವ ಇ.ಸಿ.ಜಿ. ಸರಿಯಾಗಿದೆ ಎಂದ ಮಾತ್ರಕ್ಕೆ ಹೃದಯ ಏರಿಗೆ ಸಿದ್ಧವಾಗಿದೆ ಎಂದು ಅರ್ಥವಲ್ಲ. ಶ್ರಮಪಡುವಾಗ ಹೃದಯ ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿಯಲು ಅಗತ್ಯವಿದ್ದರೆ ಟಿ.ಎಂ.ಟಿ. ಪರೀಕ್ಷೆಯನ್ನು ವೈದ್ಯರು ಸೂಚಿಸುತ್ತಾರೆ. ಸ್ಟೆಂಟ್ ಅಳವಡಿಸಿಕೊಂಡವರು, ಬೈಪಾಸ್ ಆದವರು ತಮ್ಮ ಹೃದ್ರೋಗ ತಜ್ಞರ ಒಪ್ಪಿಗೆಯಿಲ್ಲದೆ ಹೊರಡಲೇಬಾರದು.

ನಮ್ಮ ತಂಡದಲ್ಲಿದ್ದ ಹಿರಿಯರೊಬ್ಬರಿಗೆ ಅಭ್ಯಾಸದ ಮೂರನೆಯ ವಾರದಲ್ಲಿ ಕಾರ್ಕಳದ ಗೊಮ್ಮಟ ಬೆಟ್ಟದ ಮೆಟ್ಟಿಲುಗಳ ಮೇಲೆ ಎದೆಯಲ್ಲಿ ಬಿಗಿತ ಕಾಣಿಸಿತು. ನಿಂತರೆ ಹೋಗುತ್ತಿತ್ತು, ಹತ್ತಿದರೆ ಮರಳುತ್ತಿತ್ತು. ‘ವಾಯು ಇರಬೇಕು’ ಎಂದು ಅವರು ನಕ್ಕರು. ಮನೆಯವರು ಒಪ್ಪದೆ ಮರುದಿನವೇ ತಪಾಸಣೆಗೆ ಕರೆದೊಯ್ದರು. ರಕ್ತನಾಳವೊಂದು ಬಹುಮಟ್ಟಿಗೆ ಕಟ್ಟಿಕೊಂಡಿತ್ತು. ಆ ಸಲ ಅವರು ಕುದುರೆಮುಖಕ್ಕೆ ಬರಲಿಲ್ಲ. ಚಿಕಿತ್ಸೆ ಪಡೆದು ಈಗ ಪ್ರತಿದಿನ ಒಂದು ಗಂಟೆ ನಡೆಯುತ್ತಾರೆ. ಅದೇ ಬಿಗಿತ ಆಸ್ಪತ್ರೆಯಿಂದ ಹಲವು ಗಂಟೆ ದೂರದ ಹುಲ್ಲುಗಾವಲಿನಲ್ಲಿ ಮೊದಲ ಬಾರಿಗೆ ಕಾಣಿಸಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಅಭ್ಯಾಸದ ವಾರಗಳು ದೇಹವನ್ನು ಬಲಪಡಿಸುವುದಷ್ಟೇ ಅಲ್ಲ, ಅಡಗಿರುವ ರೋಗವನ್ನು ವೈದ್ಯರ ಹತ್ತಿರದಲ್ಲಿಯೇ ಹೊರಗೆಳೆಯುತ್ತವೆ.

ಎಂಟು ವಾರಗಳ ಅಭ್ಯಾಸ

ಮೊದಲ ಎರಡು ವಾರ: ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಸಮತಟ್ಟಾದ ದಾರಿಯಲ್ಲಿ ಚುರುಕಾದ ನಡಿಗೆ. ವೇಗ ಎಷ್ಟಿರಬೇಕೆಂದರೆ, ಜೊತೆಯವರೊಡನೆ ಮಾತನಾಡುವುದು ಸಾಧ್ಯವಾಗಬೇಕು, ಆದರೆ ಹಾಡುವುದು ಸಾಧ್ಯವಾಗಬಾರದು. ಕಾಪು, ಮಲ್ಪೆಗಳ ಕಡಲತೀರದ ಒದ್ದೆ ಮರಳು ಇದಕ್ಕೆ ಯೋಗ್ಯ. ಒಣ ಮರಳಿನಲ್ಲಿ ಪಾದ ಹೂತು ಹಿಮ್ಮಡಿಯ ಸ್ನಾಯುರಜ್ಜುವಿಗೆ ಎಳೆತ ಬೀಳುತ್ತದೆ. ಆರಂಭದಲ್ಲಿ ಅದು ಬೇಡ.

ಮೂರು ಮತ್ತು ನಾಲ್ಕನೆಯ ವಾರ: ನಡಿಗೆಯನ್ನು ಮುಕ್ಕಾಲು ಗಂಟೆಗೆ ಏರಿಸಿ ವಾರಕ್ಕೆ ಎರಡು ದಿನ ಏರನ್ನು ಸೇರಿಸಬೇಕು. ಇಂದ್ರಾಳಿಯಿಂದ ಮಣಿಪಾಲಕ್ಕೆ ಏರುವ ರಸ್ತೆ, ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪಿತವಾದ 42 ಅಡಿಯ ಗೊಮ್ಮಟನ ಬೆಟ್ಟದ ಮೆಟ್ಟಿಲು, ಇವು ಹತ್ತಿರದ ಸಾಧನಗಳು. ಬಯಲುಸೀಮೆಯ ಓದುಗರು ತಮ್ಮೂರಿನ ಗುಡ್ಡವನ್ನೋ ಕೋಟೆಯ ಮೆಟ್ಟಿಲುಗಳನ್ನೋ ಬಳಸಬಹುದು. ಮೆಟ್ಟಿಲುಗಳನ್ನು ಹತ್ತುವುದರಷ್ಟೇ ಇಳಿಯುವುದನ್ನೂ ಅಭ್ಯಾಸ ಮಾಡಬೇಕು. ಎರಡು ದಿನ ಬಿಟ್ಟು ತೊಡೆಯಲ್ಲಿ ಕಾಣಿಸುವ ಬಿಗಿನೋವು ಹೆಚ್ಚಾಗಿ ಇಳಿತದಿಂದಲೇ ಬರುವಂಥದು.

ಐದು ಮತ್ತು ಆರನೆಯ ವಾರ: ಚಾರಣದ ದಿನ ಧರಿಸುವ ಬೂಟುಗಳನ್ನೇ ಧರಿಸಿ, ಬೆನ್ನುಚೀಲದಲ್ಲಿ ಮೂರರಿಂದ ಐದು ಕಿಲೋ ಭಾರ ಹೊತ್ತು ನಡೆಯಬೇಕು. ಭಾನುವಾರ ಎಂಟು ಹತ್ತು ಕಿ.ಮೀ. ದೂರದ ಒಂದು ನಡಿಗೆ ಇರಲಿ. ಆದಿ ಉಡುಪಿಯಿಂದ ಮಲ್ಪೆಯ ತೀರಕ್ಕೆ ಹೋಗಿಬಂದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಹೊಸ ಬೂಟನ್ನು ಬೆಟ್ಟದ ಬುಡದಲ್ಲಿ ಮೊದಲ ಬಾರಿಗೆ ತೊಡುವವರ ಪಾದದಲ್ಲಿ ಮಧ್ಯಾಹ್ನದೊಳಗೆ ಬೊಕ್ಕೆಗಳೇಳುತ್ತವೆ.

ಏಳನೆಯ ವಾರದಲ್ಲಿ ಏರಿಳಿತಗಳುಳ್ಳ ಹನ್ನೆರಡರಿಂದ ಹದಿನಾಲ್ಕು ಕಿ.ಮೀ. ನಡಿಗೆಯನ್ನು ಒಂದು ದಿನ ಮಾಡಿ ಮುಗಿಸಬೇಕು. ಇದೇ ಪರೀಕ್ಷೆ. ಮರುದಿನ ಬೆಳಗ್ಗೆ ಎಂದಿನಂತೆ ಎದ್ದು ಕೆಲಸಕ್ಕೆ ಹೋಗುವಂತಿದ್ದರೆ ಕುದುರೆಮುಖಕ್ಕೆ ಹೋಗಬಹುದು. ಮೊಣಕಾಲು ಊದಿದರೆ, ಎರಡು ದಿನ ಕುಂಟುವಂತಾದರೆ ಯಾತ್ರೆಯನ್ನು ಮುಂದೂಡುವುದೇ ವಿವೇಕ. ಎಂಟನೆಯ ವಾರ ಹಗುರವಾದ ನಡಿಗೆ, ಒಳ್ಳೆಯ ನಿದ್ರೆ, ಇಷ್ಟೇ ಸಾಕು. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತಕ್ಕೆ ಏರು ಒಂದೂವರೆ ಸಾವಿರ ಮೀಟರಿಗೂ ಮಿಗಿಲು. ಮೊದಲ ಚಾರಣಕ್ಕೆ ಅದನ್ನು ಆರಿಸಿಕೊಳ್ಳದಿರುವುದು ಒಳಿತು.

ಮಧುಮೇಹ, ರಕ್ತದೊತ್ತಡ, ಉಬ್ಬಸ

ಮಧುಮೇಹ ಇರುವವರು ಬೆಟ್ಟ ಹತ್ತಬಾರದು ಎಂಬ ನಿಯಮವಿಲ್ಲ. ನಡಿಗೆ ಅವರಿಗೆ ಔಷಧವೇ ಸರಿ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ದಿನವಿಡೀ ನಡೆದಾಗ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆ ದಿನದ ಔಷಧದ ಪ್ರಮಾಣವನ್ನು ಹೇಗೆ ಹೊಂದಿಸಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಳ್ಳಬೇಕು; ತಾವಾಗಿಯೇ ನಿಲ್ಲಿಸಕೂಡದು. ಕೈ ನಡುಕ, ಬೆವರು, ಎದೆಬಡಿತ, ವಿನಾಕಾರಣ ಸಿಡುಕು, ತೊದಲು ಇವು ಸಕ್ಕರೆ ಇಳಿದಿರುವ ಸೂಚನೆಗಳು. ಅಳೆದಾಗ 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ಬಳಿಕ ಮತ್ತೆ ಅಳೆಯಬೇಕು. ಅಳೆಯುವ ಸಾಧನ ಇಲ್ಲದಿದ್ದರೆ ಕಾಯದೆ ಸಕ್ಕರೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಇಳಿದು ಬಂದ ರಾತ್ರಿಯೂ ಸಕ್ಕರೆ ಕುಸಿಯುವುದುಂಟು. ಆದುದರಿಂದ ಆ ರಾತ್ರಿ ಊಟ ಬಿಟ್ಟು ಮಲಗಬಾರದು. ಮಧುಮೇಹಿಗಳು ಪಾದವನ್ನು ಎರಡು ಗಂಟೆಗೊಮ್ಮೆ ಬಿಚ್ಚಿ ನೋಡಿಕೊಳ್ಳಬೇಕು. ಸ್ಪರ್ಶ ಮಂದವಾದ ಪಾದಕ್ಕೆ ಬೊಕ್ಕೆಯೆದ್ದದ್ದೂ ಕಲ್ಲು ಒತ್ತಿದ್ದೂ ತಿಳಿಯುವುದಿಲ್ಲ.

ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಲ್ಲಿ ನೀರೂ ಲವಣವೂ ಬೇಗ ಕಡಿಮೆಯಾಗುತ್ತವೆ. ಅವರೂ ವೈದ್ಯರ ಸಲಹೆ ಪಡೆಯಬೇಕು. ಉಬ್ಬಸವಿರುವವರು ಇನ್‌ಹೇಲರನ್ನು ಚೀಲದ ಅಡಿಯಲ್ಲಿಡದೆ ಕೈಗೆಟಕುವ ಜೇಬಿನಲ್ಲಿಡಬೇಕು. ನಿತ್ಯದ ಮಾತ್ರೆಗಳ ಪಟ್ಟಿ, ರಕ್ತದ ಗುಂಪು, ಮನೆಯವರ ದೂರವಾಣಿ ಸಂಖ್ಯೆ ಬರೆದ ಚೀಟಿಯೊಂದು ಪ್ರತಿಯೊಬ್ಬರ ಬಳಿಯೂ ಇರಲಿ. ದಾರಿಯ ಬಹುಭಾಗದಲ್ಲಿ ಮೊಬೈಲ್ ಸಂಪರ್ಕ ಸಿಗುವುದಿಲ್ಲ. ಬುಡಕ್ಕೆ ಬಂದ ಮೇಲೆಯೇ 108ಕ್ಕೆ ಕರೆ ಸಾಧ್ಯವೆಂದು ತಿಳಿದುಕೊಂಡೇ ಹೊರಡಬೇಕು. ಸ್ಥಳೀಯ ಮಾರ್ಗದರ್ಶಿಯನ್ನು ಬಿಟ್ಟು ನಡೆಯಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಬುತ್ತಿ ಮತ್ತು ನೀರು

ಚಾರಣದ ಬುತ್ತಿಗೆ ನಮ್ಮ ಮನೆಗಳ ಅಡುಗೆಯೇ ಸಾಕು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಉಂಡೆ, ಒಗ್ಗರಣೆ ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಇವೆಲ್ಲ ಹಗುರ, ಬೇಗ ಕೆಡುವುದಿಲ್ಲ, ಶಕ್ತಿ ಕೊಡುತ್ತವೆ. ಶ್ರೀಶೈಲಕ್ಕೆ ಪಾದಯಾತ್ರೆ ಮಾಡುವ ಉತ್ತರ ಕರ್ನಾಟಕದ ಭಕ್ತರು ದಿನಗಟ್ಟಲೆ ನಡೆಯುವುದು ಇಂಥ ಬುತ್ತಿಯ ಬಲದಿಂದಲೇ. ಮಧ್ಯಾಹ್ನ ಒಮ್ಮೆಲೇ ಹೊಟ್ಟೆ ತುಂಬ ಉಣ್ಣುವುದಕ್ಕಿಂತ ಗಂಟೆಗೊಮ್ಮೆ ಒಂದು ಹಿಡಿ ತಿನ್ನುವುದು ಉತ್ತಮ. ಬೆಳಗ್ಗೆ ಹೊರಡುವ ಒಂದು ಗಂಟೆ ಮೊದಲು ಲಘು ಉಪಾಹಾರ ಆಗಿರಬೇಕು.

ನೀರು ತಲೆಗೆ ಎರಡರಿಂದ ಮೂರು ಲೀಟರ್ ಬೇಕು. ತೊರೆಯ ನೀರು ತಿಳಿಯಾಗಿ ಕಂಡರೂ ಕಾಡುಪ್ರಾಣಿಗಳ ಮೂತ್ರದಿಂದ ಹರಡುವ ರೋಗಗಳ ಭಯವಿದೆ. ಕರಾವಳಿಗೆ ಇಲಿಜ್ವರ ಹೊಸತಲ್ಲ. ಸೋಸಿ ಶುದ್ಧೀಕರಿಸದ ನೀರನ್ನು ಕುಡಿಯಬಾರದು. ಕಾಲಿಗೆ ಗಾಯವಿದ್ದರೆ ನಿಂತ ನೀರಿನಲ್ಲಿ ಇಳಿಯಬಾರದು. ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ. ಆದುದರಿಂದ ಒಂದು ಬಾಟಲಿಯಲ್ಲಿ ಓ.ಆರ್.ಎಸ್. ಇರಲಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚೆ ಸಕ್ಕರೆ, ಅರ್ಧ ಚಹಾ ಚಮಚೆ ಉಪ್ಪು ಬೆರೆಸಿದರೆ ಸಾಕು. ಮೂತ್ರ ಕಡುಹಳದಿಯಾದರೆ ನೀರು ಸಾಲದೆಂದು ಅರ್ಥ.

ಸಹೋದರಿಯರಿಗೆ ಒಂದು ವಿಶೇಷ ಸೂಚನೆ. ದಾರಿಯಲ್ಲಿ ಶೌಚಾಲಯವಿಲ್ಲವೆಂಬ ಸಂಕೋಚದಿಂದ ಅನೇಕ ಮಹಿಳೆಯರು ಬೆಳಗ್ಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಇದರಿಂದ ಮಧ್ಯಾಹ್ನದ ಹೊತ್ತಿಗೆ ತಲೆಸುತ್ತು, ಸ್ನಾಯುಸೆಳೆತ, ಮುಂದೆ ಮೂತ್ರನಾಳದ ಸೋಂಕು ಉಂಟಾಗುತ್ತದೆ. ಗಂಟೆಗೊಮ್ಮೆ ಮಹಿಳೆಯರಿಗಾಗಿ ತಂಡ ನಿಂತು ಕಾಯುವ ಪದ್ಧತಿಯನ್ನು ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಂಡರೆ ಈ ಸಂಕೋಚ ಉಳಿಯುವುದಿಲ್ಲ. ತಂಡವನ್ನು ನಡೆಸುವ ಗಂಡಸರು ಇದನ್ನು ತಾವೇ ಮೊದಲು ಹೇಳುವುದು ಚೆಂದ.

ಇಂಬಳ, ಉಣುಗು, ಹಾವು

ಇಂಬಳವೆಂದು ಮಲೆನಾಡಿಗರು ಕರೆಯುವ ನೆಲದ ಜಿಗಣೆ ಕಚ್ಚಿದರೆ ಜೀವಭಯವಿಲ್ಲ. ಅದು ರಕ್ತ ಹೆಪ್ಪುಗಟ್ಟದಂತೆ ಒಂದು ದ್ರವವನ್ನು ಸೇರಿಸುವುದರಿಂದ ಗಾಯ ಸ್ವಲ್ಪ ಹೊತ್ತು ಒಸರುತ್ತದೆ, ಅಷ್ಟೇ. ಕಿತ್ತೆಸೆಯದೆ ಉಗುರಿನಿಂದ ಮೆಲ್ಲನೆ ಜಾರಿಸಿ ಬಿಡಿಸಿ, ಸೋಪಿನಿಂದ ತೊಳೆದು ಒತ್ತಿ ಹಿಡಿದರೆ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮಾತ್ರ ಹೆಚ್ಚು ಎಚ್ಚರ ವಹಿಸಬೇಕು.

ಉಣುಗು ಇಂಬಳಕ್ಕಿಂತ ಚಿಕ್ಕದು, ಆದರೆ ಅಪಾಯ ದೊಡ್ಡದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನಕಾಯಿಲೆ ಹರಡುವುದು ಉಣುಗಿನಿಂದ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡಗಳಲ್ಲದೆ ಉಡುಪಿ ಜಿಲ್ಲೆಯ ಘಟ್ಟದಂಚಿನಲ್ಲಿಯೂ ಇದು ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಲ. ಚಾರಣದ ಹಿತಕರ ತಿಂಗಳುಗಳೂ ಅದರಲ್ಲಿ ಸೇರಿವೆ. ತುಂಬುತೋಳಿನ ತಿಳಿಬಣ್ಣದ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಕೈಕಾಲಿಗೆ ಉಣುಗು ನಿವಾರಕ ತೈಲ ಇವು ರಕ್ಷಣೆ. ಹುಲ್ಲಿನ ಮೇಲೆ, ತರಗೆಲೆಗಳ ಮೇಲೆ ಒರಗಬಾರದು. ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಮರಳಿದ ಕೂಡಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಗಳನ್ನು ಒಗೆದು, ಕಂಕುಳು, ತೊಡೆಸಂದು, ಕಿವಿಯ ಹಿಂಭಾಗಗಳನ್ನು ಪರಸ್ಪರ ಪರೀಕ್ಷಿಸಿಕೊಳ್ಳಬೇಕು. ಹತ್ತು ದಿನಗಳೊಳಗೆ ಹಠಾತ್ ಜ್ವರ, ತೀವ್ರ ತಲೆನೋವು, ಸೊಂಟ ಕಾಲುಗಳ ಸೆಳೆತ ಬಂದರೆ ವೈದ್ಯರಿಗೆ ‘ಘಟ್ಟದ ಕಾಡಿಗೆ ಹೋಗಿಬಂದೆವು’ ಎಂಬುದನ್ನು ಮರೆಯದೆ ಹೇಳಬೇಕು. ದಾವಣಗೆರೆಯಲ್ಲೋ ಗದಗದಲ್ಲೋ ಕುಳಿತ ವೈದ್ಯರಿಗೆ ಆ ಒಂದು ಮಾತು ರೋಗದ ಜಾಡು ತೋರಿಸುತ್ತದೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಸಲ್ಲದು. ಕಚ್ಚಿದ ಅಂಗವನ್ನು ಅಲುಗಿಸದಂತೆ ಕೋಲಿಗೆ ಆನಿಸಿ, ಉಂಗುರ ಕಾಲುಂಗುರಗಳನ್ನು ತೆಗೆದು, ನಡೆಸದೆ ಹೊತ್ತು ತರಬೇಕು. ನಮ್ಮಲ್ಲಿ ದೊರೆಯುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿಗೆ ಮಾತ್ರ ಸಿದ್ಧಪಡಿಸಿದ್ದು. ಘಟ್ಟದ ಗುಳಿಮಂಡಲಗಳಿಗೆ ಅಲ್ಲ. ಹಾಗೆಂದು ಆಸ್ಪತ್ರೆಗೆ ಹೋಗುವುದನ್ನು ತಡಮಾಡಬಾರದು. ಕಲ್ಲಿನ ಸಂದಿಗೆ, ಪೊದೆಗೆ ನೋಡದೆ ಕೈಹಾಕದಿರುವುದೇ ಮೇಲಾದ ಉಪಾಯ.

ಇಳಿತ ಮತ್ತು ಹಿಂದಿರುಗುವ ತೀರ್ಮಾನ

ಏರು ಹೃದಯವನ್ನು ಪರೀಕ್ಷಿಸಿದರೆ ಇಳಿತ ಮೊಣಕಾಲನ್ನು ಪರೀಕ್ಷಿಸುತ್ತದೆ. ಪ್ರತಿ ಹೆಜ್ಜೆಯಲ್ಲಿಯೂ ದೇಹದ ತೂಕದ ಹಲವು ಪಟ್ಟು ಭಾರ ಮಂಡಿಯ ಮೇಲೆ ಬೀಳುತ್ತದೆ. ಎರಡು ಊರುಗೋಲುಗಳನ್ನು ಹಿಡಿದು, ಹೆಜ್ಜೆ ಚಿಕ್ಕದು ಮಾಡಿ, ಮಂಡಿಯನ್ನು ತುಸು ಬಾಗಿಸಿ ಇಳಿದರೆ ಆ ಭಾರ ಕಡಿಮೆಯಾಗುತ್ತದೆ. ಓಡುತ್ತ ಇಳಿಯುವ ಯುವಕರನ್ನು ಹಿರಿಯರು ತಡೆಯಬೇಕು.

ತಂಡಕ್ಕೆ ಎರಡು ನಿಯಮಗಳು ಹೊರಡುವ ಹಿಂದಿನ ರಾತ್ರಿಯೇ ಗೊತ್ತಾಗಿರಬೇಕು. ಒಂದು, ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ, ಬಲಿಷ್ಠರು ಹಿಂದೆ. ಎರಡು, ಹಗಲು ಹನ್ನೆರಡೂವರೆಗೆ ಎಲ್ಲಿಯೇ ಇದ್ದರೂ, ಶಿಖರ ಕಣ್ಣಮುಂದೆಯೇ ಇದ್ದರೂ ಹಿಂದಿರುಗುವುದು. ಯಾರಿಗಾದರೂ ಎದೆ ಬಿಗಿದರೆ ಗಡಿಯಾರವನ್ನು ನೋಡದೆ ಆ ಕ್ಷಣವೇ ನಿಲ್ಲುವುದು, ಅವರನ್ನು ಒಂಟಿಯಾಗಿ ಬಿಡದಿರುವುದು. ಶಿಖರ ಮುಟ್ಟದೆ ಮರಳಿದವರಿಗೆ ಅವಮಾನವೇನೂ ಇಲ್ಲ. ಅಮೆರಿಕದ ಅಪಲಾಚಿಯನ್ ದಾರಿ ಸುಮಾರು 3,500 ಕಿ.ಮೀ. ಉದ್ದವಿದೆ. ಅದನ್ನು ಒಂದೇ ಉಸಿರಿಗೆ ಮುಗಿಸುವವರು ಕೆಲವರೇ. ಹೆಚ್ಚಿನವರು ಒಂದೊಂದು ತುಣುಕನ್ನು ನಡೆದು ಸಂತೋಷದಿಂದ ಮನೆಗೆ ಮರಳುತ್ತಾರೆ. ಕುದುರೆಮುಖದ ಹುಲ್ಲುಗಾವಲಿನವರೆಗೆ ನಡೆದು ಬಂದದ್ದೂ ಒಂದು ಪೂರ್ಣ ದಿನವೇ.

ವೈದ್ಯರು ಬೇಡವೆಂದವರಿಗೂ ಘಟ್ಟ ಬಾಗಿಲು ಮುಚ್ಚಿಲ್ಲ. ಆಗುಂಬೆಯ ಸೂರ್ಯಾಸ್ತವನ್ನು ವಾಹನದಲ್ಲಿಯೇ ಹೋಗಿ ಕಾಣಬಹುದು. 1,343 ಮೀಟರ್ ಎತ್ತರದ ಕೊಡಚಾದ್ರಿಯ ಮೇಲ್ಭಾಗದವರೆಗೆ ಕೊಲ್ಲೂರಿನಿಂದ ಜೀಪುಗಳಿವೆ. ಆದರೆ ಆ ದಾರಿಯ ಕುಲುಕಾಟ ಬೆನ್ನುಹುರಿಯ ತೊಂದರೆಯುಳ್ಳವರಿಗೂ ಗರ್ಭಿಣಿಯರಿಗೂ ಸಲ್ಲದು.

ಈ ಕಾರ್ತಿಕದಲ್ಲಿಯೋ ಪುಷ್ಯದಲ್ಲಿಯೋ ಬೆಟ್ಟಕ್ಕೆ ಹೋಗುವ ಆಶೆಯುಳ್ಳ ಬಂಧುಗಳು ಪಂಚಾಂಗವನ್ನು ತೆಗೆದು ಅನುಕೂಲವಾದ ದಿನವನ್ನು ಗುರುತಿಸಲಿ. ಅಲ್ಲಿಂದ ಎಂಟು ವಾರ ಹಿಂದಕ್ಕೆ ಎಣಿಸಿ, ಆ ದಿನಕ್ಕೆ ವೈದ್ಯರ ಭೇಟಿಯನ್ನು ಬರೆದಿಡಲಿ. ಅದರ ಮರುದಿನ ಬೆಳಗ್ಗೆ ಅರ್ಧ ಗಂಟೆ ನಡೆಯಲಿ. ಕುದುರೆಮುಖದ ದಾರಿ ಅಲ್ಲಿಂದಲೇ ಆರಂಭವಾಗುತ್ತದೆ.